ಡೇರೆಯ ಮೇಲೆ ಬಿರುಗಾಳಿ

ಏಪ್ರಿಲ್ ಎರಡನೇ ವಾರ ಶಾಲೆಗಳಿಗೆ ಬೀಗ ಬಿದ್ದರೆ ಸಾಕು, ಬೆಂಗಳೂರಿನ ಬಾಗಲಗುಂಟೆಯ ಕಾಂಪೌಂಡ್ ಗೋಡೆಗಳ ಮೇಲೆ, ಅಂಗಡಿ ಷಟರ್‌ಗಳ ಮೇಲೆ ಬೇಸಿಗೆ ಶಿಬಿರದ ಪೋಸ್ಟರ್‌ಗಳು ಏಳುತ್ತವೆ. ಚಿತ್ರಕಲೆ, ಕರಾಟೆ, ಸ್ಕೇಟಿಂಗ್, ರಂಗಗೀತೆ, ಜೇಡಿಮಣ್ಣಿನ ಬೊಂಬೆ. ಪೀಣ್ಯದ ಕಾರ್ಖಾನೆಗಳಿಗೆ ಶಿಫ್ಟ್ ಮೇಲೆ ಹೋಗುವ ತಂದೆ ತಾಯಿಗೆ ಇದು ದೊಡ್ಡ ಆಸರೆ. ರಜೆಯಲ್ಲಿ ಮಕ್ಕಳು ಬೀದಿ ಸುತ್ತದೆ ಯಾರದೋ ಕಣ್ಣಳತೆಯಲ್ಲಿ ಇರುತ್ತಾರಲ್ಲ ಎಂಬ ನೆಮ್ಮದಿ. ಶಾಲೆಯ ಮೈದಾನವೋ ಬಡಾವಣೆಯ ಖಾಲಿ ಸೈಟೋ ಸಿಕ್ಕರೆ ಅಲ್ಲಿ ಶಾಮಿಯಾನ ಏಳುತ್ತದೆ, ಇಲ್ಲವೇ ತಗಡಿನ ಶೆಡ್ಡಿನ ಕೆಳಗೆ ಜಮಖಾನ ಹಾಸಲಾಗುತ್ತದೆ.

ಅದೇ ಆರೇಳು ವಾರ ಈ ಊರಿನ ಆಕಾಶ ಅತ್ಯಂತ ಒರಟಾಗಿರುವ ಕಾಲ. ಹೆಸರಘಟ್ಟ ರಸ್ತೆಯ ಆಚೀಚೆ ಹೊಲಗಳಿದ್ದಾಗ ರೈತರು ಇದನ್ನು ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎಂದು ಮಳೆ ನಕ್ಷತ್ರದ ಲೆಕ್ಕದಲ್ಲಿ ಎಣಿಸುತ್ತಿದ್ದರು. ಬೆಳಗಿನಿಂದ ನೆಲ ಕಾಯುತ್ತದೆ. ಎರಡೂ ಕಡಲಿನ ತೇವ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಪ್ರಸ್ಥಭೂಮಿಯ ಮೇಲೆ ಸೇರುತ್ತದೆ. ಮಧ್ಯಾಹ್ನ ಕಳೆಯುತ್ತಲೇ ಮೋಡ ಗೋಪುರದ ಹಾಗೆ ಬೆಳೆಯುತ್ತದೆ. ಮೂರು ಗಂಟೆಯ ಮೇಲೆ ಅದು ಕುಸಿದಾಗ ಮೊದಲು ಬರುವುದು ಮಳೆಯಲ್ಲ, ಗಾಳಿ. ಮೋಡದೊಳಗಿನ ತಣ್ಣನೆಯ ಗಾಳಿ ನೇರ ಕೆಳಗೆ ಬಿದ್ದು ನೆಲದ ಮೇಲೆ ಸುತ್ತಲೂ ಹರಡುತ್ತದೆ. ಗುಲ್‌ಮೊಹರ್ ಕೊಂಬೆ ಮುರಿಯುವುದು, ತಗಡು ಹಾರುವುದು, ಫ್ಲೆಕ್ಸ್ ಚೌಕಟ್ಟು ಬೀಳುವುದು ಎಲ್ಲವೂ ಆ ಮೊದಲ ಹತ್ತು ನಿಮಿಷದಲ್ಲಿ. ಸಿಡಿಲು ಇನ್ನೂ ಮೊದಲೇ ಬರಬಹುದು.

ಹೀಗೆ ಮಕ್ಕಳ ಶಿಬಿರದ ಕಾಲವೂ ಬಿರುಗಾಳಿಯ ಕಾಲವೂ ಒಂದೇ. ಇದು ಬಾಗಲಗುಂಟೆಗೆ ಮಾತ್ರ ಬಂದ ಪಾಡಲ್ಲ. ಬಯಲಲ್ಲಿ ಮಕ್ಕಳ ಶಿಬಿರ ಕಟ್ಟುವ ಪದ್ಧತಿಗೆ ನೂರು ವರ್ಷಕ್ಕಿಂತ ಹೆಚ್ಚಿನ ಇತಿಹಾಸವಿದೆ, ಬಿರುಗಾಳಿಯಲ್ಲಿ ಸತ್ತ ಮಕ್ಕಳ ಹೆಸರುಗಳೂ ಆ ಇತಿಹಾಸದ ಮೊದಲ ಪುಟಗಳಿಂದಲೇ ಇವೆ. ಅದರ ಭಾರತದ ಅಧ್ಯಾಯ ಶುರುವಾದದ್ದು ಬೆಂಗಳೂರಿನಲ್ಲಿ.

1907ರ ಆಗಸ್ಟ್‌ನಲ್ಲಿ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಇಪ್ಪತ್ತರಷ್ಟು ಹುಡುಗರನ್ನು ಡೇರೆಗಳಲ್ಲಿ ಇಟ್ಟು ತನ್ನ ಸ್ಕೌಟಿಂಗ್ ಪ್ರಯೋಗ ಮಾಡಿದ. ಎರಡೇ ವರ್ಷದಲ್ಲಿ, 1909ರಲ್ಲಿ, ಕ್ಯಾಪ್ಟನ್ ಟಿ. ಎಚ್. ಬೇಕರ್ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ದೇಶದ ಮೊದಲ ಸ್ಕೌಟ್ ದಳ ಆರಂಭಿಸಿದ. ದಂಡು ಪ್ರದೇಶದ ಯುರೋಪಿಯನ್, ಆಂಗ್ಲೋ ಇಂಡಿಯನ್ ಹುಡುಗರಿಗೆ ಸೀಮಿತವಾಗಿದ್ದ ಆ ಬಾಗಿಲು ಭಾರತೀಯ ಮಕ್ಕಳಿಗೆ ತೆರೆಯಲು ಕೆಲವು ವರ್ಷ ಬೇಕಾದವು. ಆನಿ ಬೆಸೆಂಟ್, ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು ಅಂಥವರ ಹಟ ಬೇಕಾಯಿತು. ಹಲವು ಕವಲಾಗಿದ್ದ ಸಂಘಟನೆಗಳು ಒಂದಾಗಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆದದ್ದು ಸ್ವಾತಂತ್ರ್ಯದ ನಂತರ, 1950ರ ನವೆಂಬರ್ 7ರಂದು. ದೊಡ್ಡಬಳ್ಳಾಪುರದ ತರಬೇತಿ ಕೇಂದ್ರಕ್ಕೆ ಇಂದಿಗೂ ಆನಿ ಬೆಸೆಂಟರ ಹೆಸರಿದೆ.

ಬೆಂಗಳೂರಿನ ದಳಕ್ಕೆ ಮೂರು ವರ್ಷ ತುಂಬುವ ಹೊತ್ತಿಗೆ ಸ್ಕೌಟಿಂಗ್‌ಗೆ ಮೊದಲ ದೊಡ್ಡ ಪೆಟ್ಟು ಬಿತ್ತು. ಲಂಡನ್ನಿನ ವಾಲ್‌ವರ್ತ್ ಎಂಬ ಬಡವರ ಕೇರಿಯ ಹುಡುಗರು ಬೇಸಿಗೆ ಶಿಬಿರಕ್ಕೆಂದು ಥೇಮ್ಸ್ ನದಿಯಲ್ಲಿ ದೋಣಿ ನಡೆಸಿಕೊಂಡು ಶೆಪ್ಪಿ ದ್ವೀಪದತ್ತ ಹೊರಟಿದ್ದರು. 1912ರ ಆಗಸ್ಟ್ 4. ಲೇಸ್‌ಡೌನ್ ಎಂಬ ಹಳ್ಳಿಯ ದಡ ಕಣ್ಣಿಗೆ ಕಾಣುತ್ತಿದ್ದಾಗ ಗಾಳಿ ಇದ್ದಕ್ಕಿದ್ದಂತೆ ದಿಕ್ಕು ಬದಲಿಸಿ ಬೀಸಿತು, ದೋಣಿ ಮಗುಚಿತು. ಎಂಟು ಮಂದಿ ಸ್ಕೌಟ್‌ಗಳು, ಅವರ ಜೊತೆಗಿದ್ದ ತರಬೇತಿ ಹಡಗಿನ ಹುಡುಗನೊಬ್ಬ, ಒಟ್ಟು ಒಂಬತ್ತು ಮಕ್ಕಳು ಮುಳುಗಿದರು. ಅವರ ನಾಯಕ ಸಿಡ್ನಿ ಮಾರ್ಷ್ ನೀರಿನಲ್ಲಿ ಮಕ್ಕಳನ್ನು ಹಿಡಿದುಕೊಳ್ಳಲು ಹೆಣಗಿದ. ಕರಾವಳಿ ಕಾವಲಿನವರು ದೋಣಿ ಇಳಿಸಿ ಉಳಿದವರನ್ನು ಎಳೆದುಕೊಂಡರು. ನೌಕಾ ಸಚಿವನಾಗಿದ್ದ ವಿನ್‌ಸ್ಟನ್ ಚರ್ಚಿಲ್ ಮಕ್ಕಳ ದೇಹಗಳನ್ನು ತರಲು ಯುದ್ಧನೌಕೆಯನ್ನೇ ಕಳಿಸಿದ. ಲಂಡನ್ನಿನ ಬೀದಿಗಳ ಇಕ್ಕೆಲದಲ್ಲಿ ಜನ ಸಾಗರವಾಗಿ ನಿಂತರು. ಕೂಲಿಕಾರರ ಮಕ್ಕಳಿಗೆ ರಾಜಮನೆತನದವರಿಗೆ ಸಲ್ಲುವಂಥ ಮೆರವಣಿಗೆ ಸಂದಿತು.

ಗೌರವಕ್ಕೆ ಕೊರತೆಯಿರಲಿಲ್ಲ. ಆದರೆ ಒಂದು ಪ್ರಶ್ನೆ ಆ ಮೆರವಣಿಗೆಯ ಅಬ್ಬರದಲ್ಲಿ ಹಿಂದೆ ಸರಿಯಿತು: ಅಂಥ ಹವೆಯಲ್ಲಿ, ಅಂಥ ದೋಣಿಯಲ್ಲಿ, ಅಷ್ಟು ಮಕ್ಕಳು ಇರಬೇಕಿತ್ತೇ? ಮುಂದಿನ ನೂರು ವರ್ಷ ಪ್ರತಿ ದುರಂತದ ನಂತರವೂ ಜನ ಮೊದಲು ಧೈರ್ಯವನ್ನು ಹೊಗಳಿದರು, ಜಾಗದ ಮಾತು ಆಮೇಲೆ ಬಂತು.

ಕನ್ನಡ ನಾಡಿನಲ್ಲಿ ಶಿಬಿರ ಬೇರೆ ಬೇರೆ ದಾರಿಗಳಿಂದ ಬಂತು. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರ್ 1923ರಲ್ಲಿ ಕಟ್ಟಿದ ಹಿಂದೂಸ್ತಾನಿ ಸೇವಾದಳ ತರುಣರನ್ನು ಬಯಲಲ್ಲಿ ಕೂಡಿಸಿ ಕವಾಯತು, ಶುಶ್ರೂಷೆ, ಜನಸಂದಣಿ ನಿಭಾಯಿಸುವ ಕ್ರಮ ಕಲಿಸಿತು. ಅದು ಸ್ವಾತಂತ್ರ್ಯ ಹೋರಾಟದ ಶಿಬಿರ; ಮಳೆ ಗಾಳಿಗೆ ಅಂಜದಿರುವುದೇ ಅಲ್ಲಿನ ಪಾಠ. ಪುತ್ತೂರಿನಲ್ಲಿ ಶಿವರಾಮ ಕಾರಂತರು ಮಕ್ಕಳನ್ನು ಮರದ ನೆರಳಿಗೆ ಕರೆತಂದು ಆಟ, ಕುಣಿತ, ಚಿತ್ರಗಳ ಮೂಲಕ ಕಲಿಸುವ ಪ್ರಯೋಗ ನಡೆಸಿದರು. ಬಾಲವನ ಅದರ ನೆನಪು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಆರ್. ಕಲ್ಯಾಣಮ್ಮ 1938ರಲ್ಲಿ ಮಕ್ಕಳ ಕೂಟ ಆರಂಭಿಸಿದರು. ಆಮೇಲೆ ಕಬ್ಬನ್ ಪಾರ್ಕಿನ ಬಾಲಭವನ, ಮೈಸೂರು ರಂಗಾಯಣದ ಚಿಣ್ಣರ ಮೇಳ. ಹರಿಹರ, ದಾವಣಗೆರೆ ಕಡೆಯ ಮಕ್ಕಳಿಗೆ ಸ್ಕೌಟ್ ಶಿಬಿರ ಎಂದರೆ ಕೊಂಡಜ್ಜಿಯ ಬೆಟ್ಟ, ಕೆರೆ, ಕಾಡು. ಸ್ಕೌಟ್ ಚಳವಳಿಗೆ ಜೀವ ತೇಯ್ದ ಕೊಂಡಜ್ಜಿ ಬಸಪ್ಪನವರ ಹೆಸರೂ ಆ ಊರಿನದೇ. 2022ರ ಡಿಸೆಂಬರಿನಲ್ಲಿ ಮೂಡುಬಿದಿರೆಯ ಸಾಂಸ್ಕೃತಿಕ ಜಾಂಬೂರಿಗೆ ಹಲವು ಹತ್ತು ಸಾವಿರ ಮಕ್ಕಳು ಬಂದರು. ಡಿಸೆಂಬರ್ ಆದ್ದರಿಂದ ಆಕಾಶ ಶಾಂತವಾಗಿತ್ತು.

ಮಕ್ಕಳೂ ಡೇರೆಯೂ ಸೇರಿದ ಕಡೆ ಏನಾಗಬಹುದೆಂದು ಬೆಂಗಳೂರಿಗೆ ಗೊತ್ತಿದೆ. 1981ರ ಫೆಬ್ರುವರಿ 7ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಹತ್ತಿ 90ಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಮಕ್ಕಳು. ಅದು ಬೆಂಕಿ, ಬಿರುಗಾಳಿಯಲ್ಲ. ಆದರೆ ಬಟ್ಟೆಯ ಚಾವಣಿಯ ಕೆಳಗೆ ನೂರಾರು ಮಕ್ಕಳನ್ನು ಕೂರಿಸಿದವರು ಹೊರಹೋಗುವ ದಾರಿಯನ್ನು ಮೊದಲೇ ಯೋಚಿಸಿರಬೇಕು ಎಂಬ ಪಾಠ ಗಾಳಿಗೂ ಅಷ್ಟೇ ಅನ್ವಯಿಸುತ್ತದೆ.

ಯುವ ಶಿಬಿರವೊಂದು ಬಿರುಗಾಳಿಯನ್ನು ಹೇಗೆ ಎದುರಿಸಿತು ಎಂದು ಕೇಳಿದರೆ ಸ್ಕೌಟ್ ಶಿಕ್ಷಕರು ಇಂದಿಗೂ ನೆನೆಯಬೇಕಾದದ್ದು ಅಮೆರಿಕದ ಅಯೊವಾ ರಾಜ್ಯದ ಲಿಟ್ಲ್ ಸೂ ಎಂಬ ಶಿಬಿರತಾಣವನ್ನು. 2008ರ ಜೂನ್ 11ರ ಸಂಜೆ. ಮುಂದಾಳುಗಳಾಗಲು ಆಯ್ಕೆಯಾದ 93 ಹುಡುಗರು, ಅವರ ಜೊತೆ 25 ಮಂದಿ ಸಿಬ್ಬಂದಿ. ಗುಡ್ಡಗಳ ನಡುವಿನ ಕಣಿವೆ. ಸುಂಟರಗಾಳಿಯ ಎಚ್ಚರಿಕೆ ಕೆಲವೇ ನಿಮಿಷ ಮೊದಲು ತಲುಪಿತು. ಡೇರೆ ಬಿಟ್ಟು ಗಟ್ಟಿ ಕಟ್ಟಡಕ್ಕೆ ಓಡಿ ಎಂದರು, ಹುಡುಗರು ಓಡಿ ಒಳಸೇರಿದರು. ಆರೂವರೆ ದಾಟುತ್ತಿದ್ದಂತೆ ಗಾಳಿ ಬಡಿಯಿತು. ಆ ಕಟ್ಟಡದ ನಡುವೆ ಕಲ್ಲಿನ ದೊಡ್ಡ ಚಿಮಣಿಯಿತ್ತು; ಗಾಳಿ ಗೋಡೆ, ಚಾವಣಿಗಳನ್ನು ಕಿತ್ತೊಯ್ದು ಚಿಮಣಿಯನ್ನು ಹುಡುಗರ ಮೇಲೆ ಕೆಡವಿತು. ಹದಿಮೂರು ಹದಿನಾಲ್ಕು ವಯಸ್ಸಿನ ನಾಲ್ವರು ಸತ್ತರು, 48 ಜನರಿಗೆ ಗಾಯವಾಯಿತು.

ಆಮೇಲೆ ನಡೆದದ್ದನ್ನು ನಿಧಾನವಾಗಿ ಹೇಳಬೇಕು. ಆಂಬುಲೆನ್ಸ್ ಬರುವ ದಾರಿಯಲ್ಲೆಲ್ಲ ಮರಗಳು ಅಡ್ಡ ಬಿದ್ದಿದ್ದವು. ಮೊದಲು ಕೈಹಾಕಿದ್ದು ಪಕ್ಕದಲ್ಲಿದ್ದ ಹುಡುಗರೇ. ಕೆಲವರು ಕಲ್ಲು ಸರಿಸಿದರು, ಕೆಲವರು ಅಂಗಿ ಹರಿದು ರಕ್ತ ಸುರಿಯುವ ಗಾಯವನ್ನು ಒತ್ತಿ ಹಿಡಿದರು, ಮುರಿದ ಕೈಕಾಲಿಗೆ ಅಡ್ಡಪಟ್ಟಿ ಕಟ್ಟಿದರು. ಒಂದು ಗುಂಪು ಸಲಕರಣೆಯ ಕೊಠಡಿ ತೆರೆದು ಗರಗಸ ತಂದು ದಾರಿ ಬಿಡಿಸಿತು. ಇನ್ನೊಂದು ಗುಂಪು ಮನೆ ಕುಸಿದು ಸಿಕ್ಕಿಹಾಕಿಕೊಂಡಿದ್ದ ಶಿಬಿರತಾಣದ ಕಾವಲುಗಾರನ ಕುಟುಂಬವನ್ನು ಅವಶೇಷದಿಂದ ಹೊರತೆಗೆಯಿತು. ಇದು ಆ ಕ್ಷಣಕ್ಕೆ ಹುಟ್ಟಿದ ಸಾಹಸವಲ್ಲ. ಹುಡುಗರು ಪ್ರಥಮ ಚಿಕಿತ್ಸೆ ಕಲಿತವರು. ಹಿಂದಿನ ದಿನವಷ್ಟೇ ತುರ್ತು ಪರಿಸ್ಥಿತಿಯ ಅಣಕು ಕವಾಯತು ಮಾಡಿದ್ದರು. ಗಾಯ ಕಂಡಾಗ ಕೈ ತಾನಾಗಿ ಹೋಗುವಷ್ಟು ಅಭ್ಯಾಸ ಅವರಿಗಿತ್ತು.

ನಮ್ಮ ಸ್ಕೌಟ್ ಮಕ್ಕಳೂ ಇದನ್ನೇ ಕಲಿಯುತ್ತಾರೆ. ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ ಎಂದು ಮೆಟ್ಟಿಲೇರುವಾಗ ಗಂಟು ಕಟ್ಟುವುದು, ತ್ರಿಕೋನ ಬಟ್ಟೆಯಿಂದ ತೋಳು ತೂಗುಹಾಕುವುದು, ಎರಡು ಕೋಲು ಒಂದು ಕಂಬಳಿಯಿಂದ ಸ್ಟ್ರೆಚರ್ ಮಾಡುವುದು ಎಲ್ಲವೂ ಪಾಠದಲ್ಲಿವೆ. ರಾಜ್ಯಪುರಸ್ಕಾರದ ಪರೀಕ್ಷೆಗೆ ಕೂತ ಹಳ್ಳಿಯ ಹುಡುಗಿಗೆ ಇವು ಬಾಯಿಪಾಠವಷ್ಟೇ ಅಲ್ಲ, ಕೈಪಾಠ. ಆದರೆ ಬಾಗಲಗುಂಟೆಯಂಥ ಬಡಾವಣೆಯ ಖಾಸಗಿ ಬೇಸಿಗೆ ಶಿಬಿರಕ್ಕೆ ಬರುವ ಮಕ್ಕಳಿಗೆ ಸ್ಕೇಟಿಂಗ್ ಬರುತ್ತದೆ, ಬ್ಯಾಂಡೇಜು ಕಟ್ಟಲು ಬರುವುದಿಲ್ಲ. ಪೋಸ್ಟರಿನ ಪಟ್ಟಿಯಲ್ಲಿ ಪ್ರಥಮ ಚಿಕಿತ್ಸೆಗೂ ಒಂದು ಗಂಟೆ ಸಿಕ್ಕರೆ ಏನೂ ನಷ್ಟವಿಲ್ಲ.

ಕೈಯ ಅಭ್ಯಾಸವೊಂದೇ ಸಾಲದು ಎಂಬುದನ್ನು 2025ರ ಜುಲೈ 4 ಜಗತ್ತಿಗೇ ತೋರಿಸಿತು. ಟೆಕ್ಸಾಸಿನ ಗ್ವಾಡಲೂಪ್ ನದಿಯ ದಂಡೆಯಲ್ಲಿ 1926ರಿಂದ ನಡೆದುಬಂದಿದ್ದ ಹೆಣ್ಣುಮಕ್ಕಳ ಬೇಸಿಗೆ ಶಿಬಿರ, ಕ್ಯಾಂಪ್ ಮಿಸ್ಟಿಕ್. ಅಂದು ಅಲ್ಲಿದ್ದವರು ನೂರಾರು ಹುಡುಗಿಯರು. ನಿಂತಲ್ಲೇ ನಿಂತು ಸುರಿದ ಮಳೆಗೆ ನದಿ ಮುಕ್ಕಾಲು ಗಂಟೆಯಲ್ಲಿ ಸುಮಾರು 26 ಅಡಿ ಏರಿತು. ಹವಾಮಾನ ಇಲಾಖೆ ರಾತ್ರಿ 1.14ಕ್ಕೇ ಪ್ರವಾಹದ ಎಚ್ಚರಿಕೆ ಹೊರಡಿಸಿತ್ತು. ಅದು ನಿದ್ದೆಯಲ್ಲಿದ್ದ ಮಕ್ಕಳ ಕೋಣೆ ತಲುಪಲಿಲ್ಲ. ಅತ್ಯಂತ ಚಿಕ್ಕ ಮಕ್ಕಳ ಕೋಣೆಗಳು ನದಿಗೆ ಅತ್ಯಂತ ಹತ್ತಿರದಲ್ಲಿದ್ದವು. ಶಿಬಿರದ ಹುಡುಗಿಯರು, ಅವರನ್ನು ನೋಡಿಕೊಳ್ಳುತ್ತಿದ್ದ ತರುಣಿಯರು ಸೇರಿ 27 ಜನ ಹೋದರು. ಶಿಬಿರದ ಮುಖ್ಯಸ್ಥನೂ ಮಕ್ಕಳನ್ನು ಹೊರತರಲು ಹೋಗಿ ಸತ್ತ. ನದಿಯುದ್ದಕ್ಕೂ ಸೈರನ್ ಹಾಕುವ ಮಾತು ಆ ಜಿಲ್ಲೆಯಲ್ಲಿ ವರ್ಷಗಳ ಹಿಂದೆಯೇ ಬಂದು, ಖರ್ಚಿನ ಕಾರಣಕ್ಕೆ ನಿಂತುಹೋಗಿತ್ತು.

ಸತ್ತ ಹುಡುಗಿಯರ ತಂದೆ ತಾಯಂದಿರು ಶಾಸನಸಭೆಯ ಮುಂದೆ ಕೂತು ಮಾತಾಡಿದರು. ಎರಡೇ ತಿಂಗಳಲ್ಲಿ, ಸೆಪ್ಟೆಂಬರ್ 5ರಂದು, ಟೆಕ್ಸಾಸಿನ ರಾಜ್ಯಪಾಲರು ಶಿಬಿರ ಸುರಕ್ಷತೆಯ ಕಾನೂನಿಗೆ ಸಹಿ ಹಾಕಿದರು. ನೆರೆ ಬರುವ ತಗ್ಗಿನಲ್ಲಿ ಮಕ್ಕಳು ಮಲಗುವ ಕೋಣೆ ಇದ್ದರೆ ಪರವಾನಗಿ ಇಲ್ಲ. ಎಚ್ಚರಿಕೆಯ ವ್ಯವಸ್ಥೆ, ತುರ್ತು ಯೋಜನೆ, ಸಿಬ್ಬಂದಿಗೆ ತರಬೇತಿ ಕಡ್ಡಾಯ. 1912ರಲ್ಲಿ ಹಿಂದೆ ಸರಿದಿದ್ದ ಪ್ರಶ್ನೆ 113 ವರ್ಷದ ಮೇಲೆ ಕಾನೂನಿನ ಭಾಷೆಗೆ ಬಂತು. ಶಿಬಿರ ಎಲ್ಲಿ ಕಟ್ಟಿದ್ದೀರಿ ಎಂದು ಸರ್ಕಾರ ಕೇಳತೊಡಗಿತು.

ಕರ್ನಾಟಕಕ್ಕೆ ಇಂಥದ್ದೊಂದು ಹೊಡೆತ ಬಿದ್ದದ್ದು ಹಿಮಾಲಯದಲ್ಲಿ. ಅದು ಮಕ್ಕಳ ಶಿಬಿರವಲ್ಲ, ಹಿರಿಯರ ಚಾರಣ. ಆದರೂ ಈ ಮಾತಿನಲ್ಲಿ ಅದನ್ನು ಬಿಡಲಾಗದು. ಕರ್ನಾಟಕ ಮೌಂಟನೀರಿಂಗ್ ಅಸೋಸಿಯೇಷನ್ ಮೂಲಕ ಹೊರಟ ತಂಡ 2024ರ ಮೇ 29ರಂದು ಉತ್ತರಕಾಶಿ ಕಡೆಯಿಂದ ಸಹಸ್ರತಾಲ್ ಸರೋವರಕ್ಕೆ ನಡೆಯತೊಡಗಿತು. ಮೂವರು ಸ್ಥಳೀಯ ಮಾರ್ಗದರ್ಶಿಗಳೂ ಸೇರಿ 22 ಜನ. ಬಹುಪಾಲು ಬೆಂಗಳೂರಿನವರು, ಹಲವರು ಅನುಭವಿಗಳು. ಜೂನ್ 3ರಂದು ಸರೋವರ ನೋಡಿ ಹಿಂದಿರುಗುವಾಗ ಮಧ್ಯಾಹ್ನ ಹಿಮಗಾಳಿ ಎದ್ದಿತು. ಕೈ ಚಾಚಿದರೆ ಕಾಣದ ಸ್ಥಿತಿ. ಡೇರೆಗಳು ಕೆಳಗಿನ ಕ್ಯಾಂಪಿನಲ್ಲಿದ್ದವು, ಜನ ಬಯಲಲ್ಲಿದ್ದರು. ಬಂಡೆಗಳ ಮರೆಯಲ್ಲಿ ಒಬ್ಬರಿಗೊಬ್ಬರು ಅಂಟಿ ಕೂತು ರಾತ್ರಿ ಕಳೆಯಬೇಕಾಯಿತು. ಚಳಿಗೆ ಒಂಬತ್ತು ಜನ ತೀರಿಕೊಂಡರು.

ಸುದ್ದಿ ಹೊರಲೋಕ ಮುಟ್ಟುವಷ್ಟರಲ್ಲಿ ಜೂನ್ 4 ಆಗಿತ್ತು. ಅಲ್ಲಿಂದ ಮುಂದೆ ಕೆಲಸ ಚುರುಕಾಗಿಯೇ ನಡೆಯಿತು. ವಾಯುಪಡೆಯ ಹೆಲಿಕಾಪ್ಟರ್‌ಗಳು, ಉತ್ತರಾಖಂಡದ ವಿಪತ್ತು ಪಡೆ, ನಡೆದು ಹತ್ತಿದ ರಕ್ಷಕರು ಸೇರಿ 13 ಜನರನ್ನು ಕೆಳಗಿಳಿಸಿದರು. ಕರ್ನಾಟಕದ ಕಂದಾಯ ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನಿಗೇ ಹೋಗಿ ನಿಂತು ಬದುಕಿದವರನ್ನೂ ಹೋದವರನ್ನೂ ಊರಿಗೆ ಕರೆತರುವ ವ್ಯವಸ್ಥೆ ನೋಡಿಕೊಂಡರು. ಸರ್ಕಾರವೊಂದು ತನ್ನ ಜನರಿಗಾಗಿ ಹೀಗೆ ದೂರ ಹೋಗಿ ನಿಂತದ್ದು ಮೆಚ್ಚಬೇಕಾದ ಸಂಗತಿ. ಆದರೆ ಬೆಟ್ಟದಲ್ಲಿ ಜೀವ ಉಳಿಯುವುದೂ ಹೋಗುವುದೂ ನಿರ್ಧಾರವಾದದ್ದು ಹೆಲಿಕಾಪ್ಟರ್ ಏಳುವ ಒಂದು ದಿನಕ್ಕೂ ಮೊದಲು, ಡೇರೆಗೂ ಜನಕ್ಕೂ ನಡುವೆ ಇದ್ದ ಆ ಕೆಲವು ಕಿಲೋಮೀಟರ್‌ಗಳಲ್ಲಿ.

ಅದೇ ವಾರ ಬೆಂಗಳೂರಿನ ಮೇಲೂ ಆಕಾಶ ಕಳಚಿತ್ತು. 2024ರ ಜೂನ್ 2ರ ಭಾನುವಾರ ಒಂದೇ ದಿನ 111.1 ಮಿಲಿಮೀಟರ್ ಮಳೆ. ಜೂನ್ ತಿಂಗಳಿಗೆ ಅದು ದಾಖಲೆ; ಮುರಿದದ್ದು 1891ರ ಜೂನ್ 16ರ 101.6 ಮಿಲಿಮೀಟರಿನ ಲೆಕ್ಕವನ್ನು. ನೂರಾರು ಮರಗಳು ನೆಲಕ್ಕೊರಗಿದವು. ಬೆಂಗಳೂರಿಗೆ ಇಷ್ಟು ಹಳೆಯ ಮಳೆ ಲೆಕ್ಕ ಇರುವುದೇ ಒಂದು ಭಾಗ್ಯ. 1890ರ ದಶಕದಲ್ಲಿ ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಮೈಸೂರು ಸಂಸ್ಥಾನದ ಹವಾಮಾನ ವಿಭಾಗ ಕಟ್ಟಿ ಊರೂರಿನ ಮಳೆ ಬರೆಸಿದ. ಅದೇ ದಶಕದಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅರ್ಕಾವತಿ ನದಿಗೆ ಕಟ್ಟಿಸಿದ ಹೆಸರಘಟ್ಟ ಜಲಾಶಯದಿಂದ ನಗರಕ್ಕೆ ಕೊಳಾಯಿ ನೀರು ಬಂತು. ಇಂದಿನ ಬಾಗಲಗುಂಟೆಯ ಮುಖ್ಯರಸ್ತೆಗೆ ಹೆಸರು ಕೊಟ್ಟದ್ದೂ ಆ ಊರೇ. ಮಳೆ ಅಳೆಯುವುದು ಆಗ ನೀರಿಗಾಗಿ, ಬೆಳೆಗಾಗಿ. 1988ರಲ್ಲಿ ಬರಗಾಲದ ಮೇಲೆ ಕಣ್ಣಿಡಲು ಶುರುವಾದ ಘಟಕವೇ ಬೆಳೆದು ಇಂದು ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲೂ ತಾನೇ ಲೆಕ್ಕ ಕಳಿಸುವ ಮಳೆಮಾಪಕಗಳನ್ನು ಅದು ನೆಟ್ಟಿದೆ, ಸಿಡಿಲಿನ ಮುನ್ಸೂಚನೆಗೆ ‘ಸಿಡಿಲು’ ಎಂಬ ಆ್ಯಪ್ ಕೊಟ್ಟಿದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಕೂಡ ಅದೇ ಕೆಲಸ ಮಾಡುತ್ತದೆ. ಇವೆರಡೂ ಉಚಿತ.

ಎಚ್ಚರಿಕೆ ಕೊಡುವ ವ್ಯವಸ್ಥೆ ಬಾಗಲಗುಂಟೆಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿದೆ. ಶಾಮಿಯಾನದ ಕೆಳಗೆ ನಲವತ್ತು ಮಕ್ಕಳನ್ನು ಕೂರಿಸಿಕೊಂಡ ಶಿಕ್ಷಕಿಯ ಮೊಬೈಲಿಗೆ ಅದು ತಲುಪಿದರೂ, ಮುಂದೇನು ಎಂಬುದು ಮೊದಲೇ ತೀರ್ಮಾನವಾಗಿರಬೇಕು. ಇಲ್ಲಿ ಊರಿನ ಬೆಳವಣಿಗೆಯ ಕಥೆ ಅಡ್ಡ ಬರುತ್ತದೆ. ಪೀಣ್ಯದಲ್ಲಿ ಕೈಗಾರಿಕೆ ಬೆಳೆದಂತೆ ಸುತ್ತಲ ಹಳ್ಳಿಗಳ ಹೊಲಗಳು ರೆವಿನ್ಯೂ ಬಡಾವಣೆಗಳಾದವು. ದಾಸರಹಳ್ಳಿ ಸೀಮೆ 2007ರಲ್ಲಿ ಮಹಾನಗರ ಪಾಲಿಕೆಗೆ ಸೇರಿತು, 2015ರಲ್ಲಿ ನಾಗಸಂದ್ರದವರೆಗೆ ಮೆಟ್ರೋ ಬಂತು. ಮನೆಗಳು ಬಂದಷ್ಟು ವೇಗದಲ್ಲಿ ಆಟದ ಮೈದಾನಗಳು ಬರಲಿಲ್ಲ. ಆದ್ದರಿಂದ ಶಿಬಿರ ನಡೆಯುವುದು ಸಿಕ್ಕ ಜಾಗದಲ್ಲಿ: ಟ್ರಾನ್ಸ್‌ಫಾರ್ಮರ್ ಪಕ್ಕ, ಮೊಬೈಲ್ ಟವರಿನ ಬುಡ, ಕಟ್ಟುತ್ತಿರುವ ಕಟ್ಟಡದ ಸಾರುವೆಯ ಕೆಳಗೆ. ನೆರಳಿಗೆಂದು ಮರದಡಿ ಕೂರಿಸುವವರೂ ಇದ್ದಾರೆ. 1980ರ ದಶಕದಲ್ಲಿ ಅರಣ್ಯಾಧಿಕಾರಿ ನೇಗಿನಹಾಳರು ನಗರಕ್ಕೆ ಲಕ್ಷಾಂತರ ಸಸಿ ನೆಟ್ಟು ದೊಡ್ಡ ಉಪಕಾರ ಮಾಡಿದರು. ಆ ಮರಗಳ ಬೇರನ್ನು ಕಾಂಕ್ರೀಟ್ ಸುರಿದು, ಚರಂಡಿ ತೋಡಿ ಕತ್ತರಿಸಿದವರು ಆಮೇಲೆ ಬಂದವರು. ಬುಡ ಸಡಿಲವಾದ ಮರ ಭರಣಿಯ ಗಾಳಿಗೆ ನಿಲ್ಲುವುದಿಲ್ಲ.

ಗುಡುಗಿನ ಲೆಕ್ಕ ಕಷ್ಟದ್ದಲ್ಲ, ಐದನೇ ತರಗತಿಯ ಮಗುವೂ ಮಾಡಬಹುದು. ಮಿಂಚು ಕಂಡ ಮೇಲೆ ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಬೀಳುವಷ್ಟು ಹತ್ತಿರ ಮೋಡ ಇದೆ ಎಂದರ್ಥ. ಎಲ್ಲರೂ ತಾರಸಿ ಕಟ್ಟಡದೊಳಗೆ ಹೋಗಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಬರಬಾರದು. ಶಾಮಿಯಾನ, ತಗಡಿನ ಶೆಡ್ಡು, ಮರದ ನೆರಳು ಇವು ಯಾವುವೂ ಆಶ್ರಯವಲ್ಲ. ಕಬ್ಬಿಣದ ಕಂಬಕ್ಕೆ ಕಟ್ಟಿದ ಶಾಮಿಯಾನವಂತೂ ಗಾಳಿಗೆ ಎದ್ದರೆ ಕಂಬವೇ ಆಯುಧವಾಗುತ್ತದೆ. ಲಿಟ್ಲ್ ಸೂ ನೆನಪಿಟ್ಟುಕೊಂಡವರು ಕಟ್ಟಡವನ್ನೂ ನೋಡಿ ಆರಿಸಬೇಕು: ಮೇಲೆ ಕಲ್ಲುಚಪ್ಪಡಿ, ಸಿಮೆಂಟ್ ಶೀಟು, ಒಂಟಿ ಇಟ್ಟಿಗೆಯ ಗೋಡೆ ಇದ್ದರೆ ಅದೂ ಬೇಡ.

ಶಿಬಿರ ನಡೆಸುವವರು ಮಾಡಬೇಕಾದದ್ದು ಇಷ್ಟೇ. ಗಟ್ಟಿ ಕಟ್ಟಡವಿರುವ ಶಾಲೆಯ ಜೊತೆ ಮೊದಲೇ ಮಾತಾಡಿ ಬೀಗದ ಕೈ ತಮ್ಮ ಬಳಿ ಇಟ್ಟುಕೊಳ್ಳಲಿ. ಹೊರಾಂಗಣದ ಆಟವನ್ನು ಮಧ್ಯಾಹ್ನದೊಳಗೆ ಮುಗಿಸಲಿ. ಮೊದಲ ದಿನವೇ ಮಕ್ಕಳನ್ನು ಒಮ್ಮೆ ಓಡಿಸಿ ಅಭ್ಯಾಸ ಮಾಡಿಸಲಿ. ದಾಸರಹಳ್ಳಿಯ ಪಾಲಿಕೆ ಕಚೇರಿ ಶಿಬಿರಗಳಿಗೆ ಜಾಗ ಕೊಡುವಾಗ ಈ ಮೂರು ಮಾತು ಬರೆಸಿಕೊಂಡರೆ ಹೊಸ ಕಾನೂನು ಬರುವವರೆಗೆ ಕಾಯಬೇಕಿಲ್ಲ.

ತಂದೆ ತಾಯಂದಿರಿಗೆ ಒಂದು ವಿನಂತಿ. ಮುಂದಿನ ಏಪ್ರಿಲ್‌ನಲ್ಲಿ ಮಗುವಿನ ಹೆಸರು ಬರೆಸಲು ಹೋದಾಗ ಶುಲ್ಕ ಎಷ್ಟು, ತಿಂಡಿ ಏನು ಎಂದು ಕೇಳುವ ಮೊದಲು, ಗುಡುಗು ಬಂದರೆ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯುತ್ತೀರಿ, ಆ ಕೋಣೆ ತೋರಿಸಿ ಎಂದು ಕೇಳಿ. ತೋರಿಸಲಾಗದ ಶಿಬಿರಕ್ಕೆ ಮಗುವನ್ನು ಕಳಿಸಬೇಡಿ.